ಪಟ್ಟವೇರದ ಅರಸು: ಬವೇರಿಯದ ಯುವರಾಜ ರುಪ್ರೆಕ್ಟ್

1955ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಒಂದು ಶವಯಾತ್ರೆ ನಡೆಯಿತು. ಶವಪೆಟ್ಟಿಗೆಯ ಮೇಲೆ ಬವೇರಿಯ ರಾಜ್ಯದ ಕಿರೀಟವನ್ನು ಇರಿಸಲಾಗಿತ್ತು. ಆ ಪೆಟ್ಟಿಗೆಯೊಳಗೆ ಮಲಗಿದ್ದ 86 ವರ್ಷ ವಯಸ್ಸಿನ ವೃದ್ಧರು ತಮ್ಮ ಜೀವಮಾನದಲ್ಲಿ ಆ ಕಿರೀಟವನ್ನು ಒಮ್ಮೆಯೂ ಧರಿಸಿದವರಲ್ಲ. ಬವೇರಿಯದಲ್ಲಿ ಅರಸೊತ್ತಿಗೆ ಕೊನೆಗೊಂಡು ಆಗಲೇ 37 ವರ್ಷಗಳು ಸಂದಿದ್ದವು. ಆದರೂ ಗಣರಾಜ್ಯದ ಸರಕಾರವೇ ಮುಂದೆ ನಿಂತು, ಆಳುತ್ತಿದ್ದ ಅರಸನಿಗೆ ಸಲ್ಲುವ ಗೌರವದೊಡನೆ ಅವರ ಅಂತ್ಯಕ್ರಿಯೆಯನ್ನು ನೆರವೇರಿಸಿತು. ವಿಟೆಲ್ಸ್‌ಬಾಕ್ ಮನೆತನದ ಹಿರಿಯರಾಗಿದ್ದ ಯುವರಾಜ ರುಪ್ರೆಕ್ಟರ ಬದುಕನ್ನು ಈ ವಾರ ನಮ್ಮ ಓದುಗ ಬಂಧುಗಳ ಮುಂದಿಡಲು ನಾವು ಬಯಸುತ್ತೇವೆ.

ಹಕ್ಕು ಬೇರೆ, ಅದನ್ನು ಚಲಾಯಿಸುವ ಬಲ ಬೇರೆ ಎಂಬುದು ದರ್ಶನಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ಬಲವಿದ್ದು ಹಕ್ಕಿಲ್ಲದವರು ಇತಿಹಾಸದ ತುಂಬ ಇದ್ದಾರೆ. ಅವರ ಕಥೆಗಳನ್ನು ನಾವೆಲ್ಲರೂ ಶಾಲೆಯಲ್ಲಿಯೇ ಓದಿದ್ದೇವೆ. ತನಗೆ ಹಕ್ಕಿದೆ ಎಂದು ಮನಸಾರೆ ನಂಬಿದ, ಆದರೆ ಬಲವಿಲ್ಲದ ಮನುಷ್ಯನು ಮೂರು ನಾಲ್ಕು ದಶಕಗಳ ಕಾಲ ಹೇಗೆ ಬಾಳಬೇಕು? ಯಾರ ಕೈಯಿಂದ ಅದನ್ನು ಸ್ವೀಕರಿಸಬಹುದು, ಯಾರ ಕೈಯಿಂದ ಸ್ವೀಕರಿಸಬಾರದು? ರುಪ್ರೆಕ್ಟರ ಜೀವನವೆಲ್ಲ ಈ ಪ್ರಶ್ನೆಯ ಸುತ್ತಲೇ ಸುತ್ತಿತು.

ವಿಟೆಲ್ಸ್‌ಬಾಕ್ ಮನೆತನವು 1180ರಿಂದ 1918ರವರೆಗೆ ಬವೇರಿಯವನ್ನು ಆಳಿತು. ಮೊದಲಿಗೆ ಡ್ಯೂಕರಾಗಿದ್ದ ಇವರು 1806ರಲ್ಲಿ ರಾಜರಾದರು. ಮತಸುಧಾರಣೆಯ ಬಿರುಗಾಳಿಯಲ್ಲಿ ಉತ್ತರ ಜರ್ಮನಿಯ ಬಹುಪಾಲು ಭಾಗ ರೋಮಿನಿಂದ ದೂರ ಸರಿದಾಗ ಬವೇರಿಯ ಕಥೋಲಿಕವಾಗಿಯೇ ಉಳಿದದ್ದರಲ್ಲಿ ಈ ಮನೆತನದ ಪಾತ್ರ ದೊಡ್ಡದು. ರುಪ್ರೆಕ್ಟರು 1869ರ ಮೇ 18ರಂದು ಮ್ಯೂನಿಕ್ಕಿನಲ್ಲಿ ಜನಿಸಿದರು. ತಂದೆ ರಾಜಕುಮಾರ ಲುಡ್ವಿಗ್, ತಾಯಿ ಮರಿಯಾ ತೆರೇಸಾ. ಹದಿಮೂರು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. ಆಗ ಸಿಂಹಾಸನದಲ್ಲಿದ್ದವರು ಬೆಟ್ಟದ ನೆತ್ತಿಯ ಮೇಲೆ ಕನಸಿನಂತಹ ಅರಮನೆಗಳನ್ನು ಕಟ್ಟಿಸಿದ ಎರಡನೆಯ ಲುಡ್ವಿಗ್. 1886ರಲ್ಲಿ ಆ ಅರಸರು ಸರೋವರದಲ್ಲಿ ಮರಣಹೊಂದಿದರು. ಅವರ ತಮ್ಮ ಆಟೋ ಬುದ್ಧಿಭ್ರಮಣೆಗೆ ಒಳಗಾಗಿದ್ದರು. ಆದುದರಿಂದ ರುಪ್ರೆಕ್ಟರ ತಾತ ಲುಯಿಟ್‌ಪೋಲ್ಡ್ ರಾಜಪ್ರತಿನಿಧಿಯಾಗಿ ಆಡಳಿತವನ್ನು ವಹಿಸಿಕೊಂಡರು. ಹದಿನೇಳು ವರ್ಷದ ಬಾಲಕನ ಪಾಲಿಗೆ ಸಿಂಹಾಸನವು ಒಮ್ಮೆಲೇ ಹತ್ತಿರ ಬಂದಿತು.

ಅರಮನೆಯ ಮಕ್ಕಳು ಅರಮನೆಯಲ್ಲಿಯೇ ಓದುತ್ತಿದ್ದ ಆ ಕಾಲದಲ್ಲಿ ರುಪ್ರೆಕ್ಟರು ಮ್ಯೂನಿಕ್ಕಿನ ಮ್ಯಾಕ್ಸಿಮಿಲಿಯನ್ ಶಾಲೆಯಲ್ಲಿ ಸಾಮಾನ್ಯ ನಾಗರಿಕರ ಮಕ್ಕಳ ಪಕ್ಕದಲ್ಲಿ ಕುಳಿತು ಕಲಿತರು. ಬಳಿಕ ಮ್ಯೂನಿಕ್ ಮತ್ತು ಬರ್ಲಿನ್ ವಿಶ್ವವಿದ್ಯಾನಿಲಯಗಳಲ್ಲಿ ವ್ಯಾಸಂಗ, ಸೇನೆಯಲ್ಲಿ ತರಬೇತಿ. ಚಿತ್ರಕಲೆ ಮತ್ತು ಶಿಲ್ಪದ ಬಗ್ಗೆ ಅವರಿಗಿದ್ದ ಜ್ಞಾನವನ್ನು ಪಂಡಿತರೂ ಮೆಚ್ಚುತ್ತಿದ್ದರು. 1898ರ ಕೊನೆಯಲ್ಲಿ ಅವರು ನಮ್ಮ ಭಾರತಕ್ಕೂ ಬಂದು ಮರುವರ್ಷದವರೆಗೆ ಸಂಚರಿಸಿದರು. ಆ ಪ್ರವಾಸದ ನೆನಪುಗಳನ್ನು 1922ರಲ್ಲಿ, ರಾಜ್ಯವೆಲ್ಲ ಕೈಬಿಟ್ಟ ಮೇಲೆ, ಪುಸ್ತಕವಾಗಿ ಪ್ರಕಟಿಸಿದರು.

1900ರ ಜುಲೈ ತಿಂಗಳಲ್ಲಿ ಅವರು ಮರೀ ಗೇಬ್ರಿಯೆಲ್ ಎಂಬ ಕನ್ಯೆಯನ್ನು ವಿವಾಹವಾದರು. ಈಕೆಯ ತಂದೆ ಕಾರ್ಲ್ ಥಿಯೊಡೋರ್ ರಾಜವಂಶದವರಾಗಿದ್ದೂ ವೈದ್ಯಶಾಸ್ತ್ರ ಕಲಿತು, ಸಾವಿರಾರು ಬಡವರ ಕಣ್ಣಿನ ಪೊರೆಯನ್ನು ತಮ್ಮ ಕೈಯಾರೆ ತೆಗೆದ ನೇತ್ರವೈದ್ಯರು. ಅಂತಹ ಮನೆಯ ಮಗಳು ಬಂದ ಸಂಸಾರ ಸುಖವಾಗಿಯೇ ಆರಂಭವಾಯಿತು. ಆದರೆ ಆ ಸುಖ ಉಳಿಯಲಿಲ್ಲ. 1902ರಲ್ಲಿ ಹುಟ್ಟಿದ ಹೆಣ್ಣುಮಗು ಮರುವರ್ಷವೇ ತೀರಿಹೋಯಿತು. 1906ರಲ್ಲಿ ಇನ್ನೊಂದು ಹೆಣ್ಣುಮಗು ಜೀವವಿಲ್ಲದೆ ಹುಟ್ಟಿತು. 1912ರ ಬೇಸಿಗೆಯಲ್ಲಿ ಮೂರು ವರ್ಷದ ರುಡಾಲ್ಫ್ ಮಧುಮೇಹದಿಂದ ತೀರಿಕೊಂಡನು. ಆ ರೋಗಕ್ಕೆ ಆಗಿನ್ನೂ ಮದ್ದು ದೊರೆತಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಇಟಲಿಯ ಸೊರೆಂಟೋ ಪಟ್ಟಣದಲ್ಲಿ ತಾಯಿಯೂ ಕಣ್ಣುಮುಚ್ಚಿದರು. ಆಕೆಗೆ 34 ವರ್ಷ. ಉಳಿದವರು ಇಬ್ಬರು ಗಂಡುಮಕ್ಕಳು, ಲುಯಿಟ್‌ಪೋಲ್ಡ್ ಮತ್ತು ಆಲ್ಬ್ರೆಕ್ಟ್. 1913ರಲ್ಲಿ ತಂದೆ ಮೂರನೆಯ ಲುಡ್ವಿಗ್ ಎಂಬ ಹೆಸರಿನಿಂದ ಪಟ್ಟವೇರಿದಾಗ ಯುವರಾಜನೆನಿಸಿಕೊಂಡ ರುಪ್ರೆಕ್ಟರು ವಿಧುರರಾಗಿದ್ದರು.

1914ರ ಆಗಸ್ಟಿನಲ್ಲಿ ಮಹಾಯುದ್ಧ ಸಿಡಿಯಿತು. ಆರನೆಯ ಸೇನೆಯ ದಂಡನಾಯಕರಾಗಿ ರುಪ್ರೆಕ್ಟರು ಲೊರೇನ್ ಪ್ರಾಂತಕ್ಕೆ ತೆರಳಿದರು. ಆ ತಿಂಗಳ 20ರಂದು ಅವರ ಪಡೆಗಳು ಫ್ರೆಂಚರನ್ನು ಹಿಮ್ಮೆಟ್ಟಿಸಿದವು, ಊರಿನಲ್ಲಿ ಹರ್ಷೋದ್ಗಾರವೆದ್ದಿತು. ವಾರ ಕಳೆಯುವುದರೊಳಗೆ, ಆಗಸ್ಟ್ 27ರಂದು, ಹದಿಮೂರು ವರ್ಷದ ಹಿರಿಯ ಮಗ ಲುಯಿಟ್‌ಪೋಲ್ಡ್ ಬೆರ್ಕ್‌ಟೆಸ್‌ಗಾಡೆನ್‌ನಲ್ಲಿ ಪೋಲಿಯೊ ರೋಗಕ್ಕೆ ಬಲಿಯಾದನು. ತಂದೆ ರಣರಂಗದಲ್ಲಿದ್ದರು. ಇನ್ನೊಂದು ಸಂಕಟವೂ ಇತ್ತು. ಜರ್ಮನ್ ಸೇನೆ ತುಳಿದುಕೊಂಡು ಹೋದ ಬೆಲ್ಜಿಯಂ ದೇಶದ ರಾಣಿ ಎಲಿಸಬೆತ್, ತೀರಿಕೊಂಡ ಮರೀ ಗೇಬ್ರಿಯೆಲಳ ಒಡಹುಟ್ಟಿದ ಅಕ್ಕ. ಒಂದೇ ಮನೆಯ ಮಗಳು ಮತ್ತು ಅಳಿಯ ಯುದ್ಧದ ಎರಡು ದಡಗಳಲ್ಲಿ ನಿಂತರು.

ಯುದ್ಧಕಾಲದ ರುಪ್ರೆಕ್ಟರನ್ನು ನಾವು ಸಂತನಂತೆ ಚಿತ್ರಿಸಲು ಹೊರಟಿಲ್ಲ. ಅದೇ 1914ರ ಅಕ್ಟೋಬರಿನಲ್ಲಿ ಅವರು ಆಂಗ್ಲರ ವಿರುದ್ಧ ತಮ್ಮ ಸೈನಿಕರಿಗೆ ಹೊರಡಿಸಿದ ಆದೇಶವು ದ್ವೇಷದಿಂದ ತುಂಬಿತ್ತು. 1916ರಲ್ಲಿ ಅವರು ಫೀಲ್ಡ್ ಮಾರ್ಷಲ್ ಪದವಿಗೇರಿ, ಉತ್ತರ ಫ್ರಾನ್ಸ್ ಮತ್ತು ಫ್ಲಾಂಡರ್ಸ್ ಪ್ರದೇಶದ ಸೇನಾಸಮೂಹಕ್ಕೆ ಮುಖ್ಯಸ್ಥರಾದರು. ಲಕ್ಷಗಟ್ಟಲೆ ತರುಣರು ಕೆಸರಿನಲ್ಲಿ ಹೂತುಹೋದ ರಂಗಗಳು ಅವು. 1917ರ ಆರಂಭದಲ್ಲಿ ಜರ್ಮನ್ ಸೇನೆ ಒಂದಿಷ್ಟು ಹಿಂದೆ ಸರಿದು ಹೊಸ ರಕ್ಷಣಾರೇಖೆಯಲ್ಲಿ ನೆಲೆಗೊಳ್ಳಬೇಕೆಂದು ನಿರ್ಧಾರವಾಯಿತು. ಬಿಟ್ಟುಹೋಗುವ ನೆಲದಲ್ಲಿ ಶತ್ರುವಿಗೆ ಏನೂ ಉಳಿಯಬಾರದೆಂದು ಸೇನಾ ಪ್ರಧಾನ ಕಾರ್ಯಾಲಯ ಅಪ್ಪಣೆ ಮಾಡಿತು. ಹಳ್ಳಿಗಳನ್ನು ಸುಡುವುದು, ಬಾವಿಗಳನ್ನು ಕೆಡಿಸುವುದು, ಹಣ್ಣಿನ ಮರಗಳನ್ನು ಕಡಿಯುವುದು, ಜನರನ್ನು ಸಾಗಿಸುವುದು, ಎಲ್ಲವೂ ಆ ಅಪ್ಪಣೆಯಲ್ಲಿತ್ತು. ರುಪ್ರೆಕ್ಟರು ವಿರೋಧಿಸಿದರು. ಮಧ್ಯಯುಗದ ಕೂಸಿ ಕೋಟೆಯನ್ನಾದರೂ ಉಳಿಸಿರೆಂದು ಕೇಳಿಕೊಂಡರು. ಲುಡೆಂಡಾರ್ಫ್ ಒಪ್ಪಲಿಲ್ಲ, ಮಾರ್ಚ್ ತಿಂಗಳಲ್ಲಿ ಕೋಟೆಯನ್ನು ಸಿಡಿಮದ್ದಿನಿಂದ ಉರುಳಿಸಲಾಯಿತು.

ರಾಜೀನಾಮೆ ಕೊಡಲು ಅವರು ಯೋಚಿಸಿದರು. ಆದರೆ ಬವೇರಿಯದ ಯುವರಾಜನೇ ಹೊರನಡೆದರೆ ಬವೇರಿಯಕ್ಕೂ ಜರ್ಮನ್ ಸಾಮ್ರಾಜ್ಯಕ್ಕೂ ಬಿರುಕು ಬಿದ್ದಂತೆ ಲೋಕಕ್ಕೆ ಕಾಣುವುದೆಂಬ ಕಾರಣದಿಂದ ಅದು ಸಾಧ್ಯವಾಗಲಿಲ್ಲ. ಅವರು ಉಳಿದರು, ಅಪ್ಪಣೆ ಜಾರಿಗೆ ಬಂದಿತು. ಮನಸ್ಸಾಕ್ಷಿ ಒಪ್ಪದ ಕಾರ್ಯವನ್ನು ತನ್ನ ಹೆಸರಿನಲ್ಲಿ ನಡೆಯಗೊಟ್ಟ ಮನುಷ್ಯನಿಗೆ ಪ್ರತಿಭಟನೆಯೊಂದೇ ಸಾಕೆ? ಸಾಲದು ಎಂದೇ ನಮ್ಮ ಅಭಿಪ್ರಾಯ. ಅವರೂ ಇದನ್ನು ಮರೆಮಾಚಲು ಪ್ರಯತ್ನಿಸಲಿಲ್ಲ. 1929ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ಅವರ ಯುದ್ಧದಿನಚರಿಯಲ್ಲಿ ಈ ಸಂಗತಿಗಳೆಲ್ಲ ದಾಖಲಾಗಿವೆ. ಆ ಹೊತ್ತಿಗಾಗಲೇ ಅವರಿಗೆ ಗೆಲುವಿನಲ್ಲಿ ನಂಬಿಕೆ ಹೋಗಿತ್ತು. ಜಗದ್ಗುರು ಹದಿನೈದನೆಯ ಬೆನೆಡಿಕ್ಟರು 1917ರ ಆಗಸ್ಟಿನಲ್ಲಿ ಯುದ್ಧನಿರತ ರಾಷ್ಟ್ರಗಳಿಗೆ ಶಾಂತಿಗಾಗಿ ಕರೆಕೊಟ್ಟ ಕಾಲದಲ್ಲಿ, ಸಂಧಾನದಿಂದಲೇ ಯುದ್ಧ ಮುಗಿಯಬೇಕೆಂದು ವಾದಿಸುತ್ತಿದ್ದ ಬೆರಳೆಣಿಕೆಯ ಜರ್ಮನ್ ದಂಡನಾಯಕರಲ್ಲಿ ರುಪ್ರೆಕ್ಟರೂ ಒಬ್ಬರು.

1918ರ ನವೆಂಬರಿನಲ್ಲಿ ಎಲ್ಲವೂ ಕುಸಿಯಿತು. 7ನೆಯ ತಾರೀಖಿನ ರಾತ್ರಿ ಮ್ಯೂನಿಕ್ಕಿನಲ್ಲಿ ಕ್ರಾಂತಿಯಾಯಿತು. ವೃದ್ಧ ಅರಸ ಮೂರನೆಯ ಲುಡ್ವಿಗ್, ಕಾಯಿಲೆಯ ಮಡದಿಯೊಡನೆ ಅರಮನೆ ಬಿಟ್ಟು ಹೋದರು. ಕೆಲವು ದಿನಗಳ ನಂತರ ಅವರು ತಮ್ಮ ಅಧಿಕಾರಿಗಳನ್ನೂ ಸೈನಿಕರನ್ನೂ ನಿಷ್ಠೆಯ ಪ್ರಮಾಣದಿಂದ ಬಿಡುಗಡೆ ಮಾಡಿದರು. ಆದರೆ ಸಿಂಹಾಸನವನ್ನು ತ್ಯಜಿಸಿದೆನೆಂದು ಎಲ್ಲಿಯೂ ಬರೆದುಕೊಡಲಿಲ್ಲ. ಬ್ರಸೆಲ್ಸಿನಲ್ಲಿದ್ದ ರುಪ್ರೆಕ್ಟರು ಸ್ಪೇನ್ ದೇಶದ ರಾಯಭಾರಿಯ ನೆರವಿನಿಂದ ಹಾಲೆಂಡನ್ನು ಸೇರಿ, ಮರುವರ್ಷ ಊರಿಗೆ ಮರಳಿದರು. 1919ರ ಹೊಸ ಸಂವಿಧಾನವು ರಾಜಮನೆತನದ ಬಿರುದುಗಳನ್ನು ಕೇವಲ ಉಪನಾಮಗಳನ್ನಾಗಿ ಮಾಡಿತು.

ಇಷ್ಟು ಕತ್ತಲೆಯ ನಡುವೆ ಒಂದು ಮನೆಬೆಳಕೂ ಮೂಡಿತು. ಲಕ್ಸೆಂಬರ್ಗ್ ರಾಜಮನೆತನದ ಆಂಟೋನಿಯಾ ಎಂಬ ಕುವರಿಯೊಂದಿಗೆ 1918ರಲ್ಲಿಯೇ ಅವರ ನಿಶ್ಚಿತಾರ್ಥವಾಗಿತ್ತು. ಜರ್ಮನ್ ಸೇನೆ ಆಕ್ರಮಿಸಿಕೊಂಡಿದ್ದ ನಾಡಿನ ಕುವರಿ ಜರ್ಮನ್ ದಂಡನಾಯಕನನ್ನು ವರಿಸುವುದು ಅಲ್ಲಿನ ಜನರಿಗೆ ನುಂಗಲಾರದ ತುತ್ತಾಗಿತ್ತು. ಆಗ ಲಕ್ಸೆಂಬರ್ಗನ್ನು ಆಳುತ್ತಿದ್ದ ಆಂಟೋನಿಯಾಳ ಅಕ್ಕ ಮರೀ ಅಡಿಲೇಡ್ 1919ರ ಜನವರಿಯಲ್ಲಿ ಪಟ್ಟವನ್ನು ಬಿಟ್ಟುಕೊಟ್ಟು, ಬಳಿಕ ಕಾರ್ಮೆಲ್ ಕನ್ಯಾಮಠವನ್ನು ಸೇರಿದರು. ವಿವಾಹ ನೆರವೇರಿದುದು 1921ರ ಏಪ್ರಿಲ್ 7ರಂದು, ಬವೇರಿಯದ ಲೆಂಗ್ರೀಸ್ ಊರಿನ ಹೋಹೆನ್‌ಬರ್ಗ್ ಅರಮನೆಯಲ್ಲಿ. ವರನಿಗೆ 51, ವಧುವಿಗೆ 21. ವಿವಾಹ ಸಂಸ್ಕಾರವನ್ನು ನೆರವೇರಿಸಿದವರು ಜಗದ್ಗುರುಗಳ ರಾಯಭಾರಿ ಮಹಾ ಧರ್ಮಾಧ್ಯಕ್ಷ ಯುಜೀನಿಯೊ ಪಚೇಲಿ. ಇವರೇ ಮುಂದೆ ಹನ್ನೆರಡನೆಯ ಭಕ್ತಿನಾಥ, ಅಂದರೆ ಪಯಸ್, ಎಂಬ ಹೆಸರಿನಿಂದ ಜಗದ್ಗುರುಗಳಾದರು. ಈ ದಂಪತಿಗಳಿಗೆ ಒಬ್ಬ ಮಗ, ಐವರು ಹೆಣ್ಣುಮಕ್ಕಳು.

ಅದೇ ವರ್ಷದ ಅಕ್ಟೋಬರಿನಲ್ಲಿ ತಂದೆ ಲುಡ್ವಿಗ್ ಹಂಗೆರಿಯಲ್ಲಿ ನಿಧನರಾದರು. ಮೃತದೇಹವನ್ನು ಮ್ಯೂನಿಕ್ಕಿಗೆ ತಂದು ಪ್ರಧಾನಾಲಯದಲ್ಲಿ ಸಮಾಧಿ ಮಾಡಿದಾಗ ಜನಸಾಗರವೇ ನೆರೆಯಿತು, ಕಾರ್ಡಿನಲ್ ಫಾಲ್‌ಹಾಬರ್ ಪ್ರಬೋಧನೆ ನೀಡಿದರು. ಅಂದು ರುಪ್ರೆಕ್ಟರು ತಮ್ಮನ್ನು ಅರಸನೆಂದು ಘೋಷಿಸಿಕೊಳ್ಳುವರೆಂದು ಹಲವರು ಎದುರುನೋಡಿದ್ದರು, ಕೆಲವರು ಅಂಜಿದ್ದರು. ಅವರು ಹಾಗೆ ಮಾಡಲಿಲ್ಲ. ತಂದೆಯ ಹಕ್ಕುಗಳಿಗೆ ತಾನು ಉತ್ತರಾಧಿಕಾರಿ ಎಂದಷ್ಟೇ ತಿಳಿಸಿ ಮನೆಗೆ ನಡೆದರು.

ಹಕ್ಕಿನ ಮಾತು ಹಾಗಿರಲಿ, ಆಸ್ತಿಯ ಮಾತೂ ಇತ್ಯರ್ಥವಾಗಬೇಕಿತ್ತು. ಶತಮಾನಗಳಿಂದ ಕೂಡಿಬಂದ ಅರಮನೆ, ಕಾಡು, ಚಿತ್ರಸಂಗ್ರಹಗಳಲ್ಲಿ ಯಾವುದು ಕುಟುಂಬದ್ದು, ಯಾವುದು ನಾಡಿನದು? ಜರ್ಮನಿಯ ಹಲವು ರಾಜಮನೆತನಗಳು ಇದೇ ಪ್ರಶ್ನೆಗಾಗಿ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲೇರಿದವು. ಜನರ ಬೇಸರ ಎಷ್ಟಿತ್ತೆಂದರೆ, ಅರಸುಮನೆಗಳ ಆಸ್ತಿಯನ್ನು ಪರಿಹಾರವಿಲ್ಲದೆ ವಶಪಡಿಸಿಕೊಳ್ಳಬೇಕೆಂದು 1926ರ ಜನಮತ ಸಂಗ್ರಹದಲ್ಲಿ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಮಂದಿ ಮತ ನೀಡಿದರು. ಅಗತ್ಯ ಸಂಖ್ಯೆ ದೊರೆಯದೆ ಅದು ಬಿದ್ದುಹೋಯಿತು. ಬವೇರಿಯದಲ್ಲಿ ಮಾತ್ರ ಅದಕ್ಕೆ ಮೂರು ವರ್ಷ ಮೊದಲೇ ಒಪ್ಪಂದವಾಗಿತ್ತು. 1923ರ ಶಾಸನದಂತೆ ನಾಯ್‌ಶ್ವಾನ್‌ಸ್ಟೈನ್ ಮೊದಲಾದ ಅರಮನೆಗಳು ಸರಕಾರಕ್ಕೆ ಸೇರಿದವು. ಉಳಿದುದರಲ್ಲಿ ಬಹುಭಾಗ ಒಂದು ಪರಿಹಾರ ನಿಧಿಗೆ ಸೇರಿ, ಅದರ ಆದಾಯದಿಂದ ಕುಟುಂಬದ ಪೋಷಣೆಯಾಗಬೇಕೆಂದು ಗೊತ್ತಾಯಿತು. ಕಲಾಕೃತಿಗಳು ಮಾರಾಟವಾಗಿ ಚದುರಿಹೋಗದೆ ವಸ್ತುಸಂಗ್ರಹಾಲಯಗಳಲ್ಲಿ ಜನರ ಕಣ್ಣಿಗೆ ಉಳಿದವು. ಆಸ್ತಿ ಪಾಲಿನ ವಿಚಾರದಲ್ಲಿ ಒಡಹುಟ್ಟಿದವರೂ ಮುಖ ನೋಡದ ಸ್ಥಿತಿಯನ್ನು ನಮ್ಮ ಧರ್ಮಕೇಂದ್ರಗಳಲ್ಲಿ ಕಾಣುವ ನಮಗೆ, ಈ ಒಪ್ಪಂದ ಸಣ್ಣ ಸಂಗತಿಯೆಂದು ತೋರುವುದಿಲ್ಲ.

ಅದೇ 1923ರ ನವೆಂಬರ್ 8ರ ರಾತ್ರಿ ಮ್ಯೂನಿಕ್ಕಿನ ಒಂದು ಬಿಯರ್ ಭವನದಲ್ಲಿ ಹಿಟ್ಲರ್ ಮತ್ತು ಲುಡೆಂಡಾರ್ಫ್ ಸೇರಿ ದಂಗೆಯೆದ್ದರು. ಬವೇರಿಯದ ಅರಸೊತ್ತಿಗೆಗೆ ಆದ ಅನ್ಯಾಯವನ್ನು ಸರಿಪಡಿಸುವ ಮಾತನ್ನೂ ಆಡಿ, ಯುವರಾಜನ ಬೆಂಬಲ ಕೋರಿ ದೂತನನ್ನು ಕಳುಹಿಸಿದರು. ಕಳೆದುಕೊಂಡ ಸಿಂಹಾಸನವು ಬಾಗಿಲವರೆಗೂ ಬಂದಂತಿತ್ತು. ರುಪ್ರೆಕ್ಟರು ದಂಗೆಯ ಕೈಯಿಂದ ಏನನ್ನೂ ಪಡೆಯಲು ಒಪ್ಪಲಿಲ್ಲ. ಮರುದಿನ ಪೊಲೀಸರ ಗುಂಡಿನೆದುರು ದಂಗೆ ಮುರಿದುಬಿದ್ದಿತು. ಹಿಟ್ಲರ್ ಈ ತಿರಸ್ಕಾರವನ್ನು ಮರೆಯುವ ಮನುಷ್ಯನಾಗಿರಲಿಲ್ಲ.

ಇನ್ನು ನಾವು ಹೇಳಬೇಕಾದುದು 1933ರ ವಿಚಾರ. ಇದರ ಬಗ್ಗೆ ಇತಿಹಾಸಕಾರರ ಚರ್ಚೆ ಮುಗಿದಿಲ್ಲ. ಜನವರಿ 30ರಂದು ಹಿಟ್ಲರ್ ಪ್ರಧಾನಿಯಾದನು. ಬವೇರಿಯದಲ್ಲಿ ಆಗ ಕಥೋಲಿಕರ ಬವೇರಿಯನ್ ಜನತಾ ಪಕ್ಷದ ಹೈನ್ರಿಕ್ ಹೆಲ್ಡರ ಸರಕಾರವಿತ್ತು. ರುಪ್ರೆಕ್ಟರಿಗೆ ವಿಶೇಷಾಧಿಕಾರ ಕೊಟ್ಟು, ಬೇಕಾದರೆ ಅರಸೊತ್ತಿಗೆಯನ್ನೇ ಮರಳಿ ತಂದು, ನಾಜಿಗಳು ಬವೇರಿಯವನ್ನು ನುಂಗದಂತೆ ತಡೆಯಬೇಕೆಂಬ ಆಲೋಚನೆ ಫೆಬ್ರವರಿಯಲ್ಲಿ ಬಲಗೊಂಡಿತು. ಅರಸೊತ್ತಿಗೆಯ ಹಳೆಯ ವಿರೋಧಿಗಳಾದ ಸಮಾಜವಾದಿಗಳಲ್ಲಿಯೂ ಕೆಲವರು ಇದಕ್ಕೆ ಒಲವು ತೋರಿದರು. ರುಪ್ರೆಕ್ಟರು ಸಿದ್ಧರಿದ್ದರು, ಆದರೆ ನ್ಯಾಯಸಮ್ಮತ ಸರಕಾರವೇ ತಮ್ಮನ್ನು ಕರೆಯಬೇಕೆಂದು ಕಾದರು. ಹೆಲ್ಡರು ಬರ್ಲಿನ್ನಿನಲ್ಲಿದ್ದ ವೃದ್ಧ ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗರ ಮೇಲೆ ಭರವಸೆಯಿಟ್ಟು ಕಾದರು. ಎಲ್ಲರೂ ಕಾಯುತ್ತಿರುವಾಗಲೇ ಮಾರ್ಚ್ 9ರಂದು ನಾಜಿಗಳು ಮ್ಯೂನಿಕ್ಕನ್ನು ಕೈವಶಮಾಡಿಕೊಂಡರು.

ವಿವೇಕವೆಂಬ ಸದ್ಗುಣದ ಪ್ರಧಾನ ಕಾರ್ಯವು ಆಲೋಚಿಸುವುದೂ ಅಲ್ಲ, ತೀರ್ಮಾನಿಸುವುದೂ ಅಲ್ಲ, ಮಾಡಬೇಕಾದುದನ್ನು ಮಾಡೆಂದು ಆಜ್ಞಾಪಿಸುವುದು ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಆ ಅಳತೆಗೋಲಿನಿಂದ ನೋಡಿದರೆ 1933ರ ವಸಂತದಲ್ಲಿ ಮ್ಯೂನಿಕ್ಕಿನ ಸಜ್ಜನರೆಲ್ಲರೂ ವಿವೇಕದ ಎರಡು ಮೆಟ್ಟಿಲೇರಿ ಮೂರನೆಯದರಲ್ಲಿ ನಿಂತುಬಿಟ್ಟರು. ಆದರೆ ರುಪ್ರೆಕ್ಟರ ಮಟ್ಟಿಗೆ ಇನ್ನೊಂದು ಮಾತನ್ನೂ ಹೇಳಬೇಕು. ದಂಗೆಯ ಕೈಯಿಂದ ಸಿಂಹಾಸನ ಬೇಡವೆಂದು 1923ರಲ್ಲಿ ಹೇಳಿದವರು, ಹತ್ತು ವರ್ಷಗಳ ಬಳಿಕ ತಾವೇ ದಂಗೆಯೇಳುವುದು ಹೇಗೆ? ಅವರನ್ನು ಮೊದಲು ಕಾಪಾಡಿದ ತತ್ತ್ವವೇ ಆ ದಿನ ಅವರ ಕೈಗಳನ್ನು ಕಟ್ಟಿತು. ಇದನ್ನು ದೋಷವೆನ್ನಲು ನಮಗೆ ಧೈರ್ಯವಿಲ್ಲ.

ಮುಂದಿನ ವರ್ಷಗಳಲ್ಲಿ ಅವರು ನಾಜಿ ಆಡಳಿತದೊಡನೆ ಯಾವ ರಾಜಿಯನ್ನೂ ಮಾಡಿಕೊಳ್ಳಲಿಲ್ಲ. ಅರಸೊತ್ತಿಗೆಯ ನಿಷ್ಠರಾದ ಬವೇರಿಯನ್ನರು ಗುಟ್ಟಾಗಿ ಕಟ್ಟಿಕೊಂಡಿದ್ದ ಒಂದು ಗುಂಪನ್ನು 1939ರ ಆಗಸ್ಟಿನಲ್ಲಿ ಗೆಸ್ಟಾಪೊ ಪತ್ತೆಹಚ್ಚಿತು. ನೂರಕ್ಕೂ ಹೆಚ್ಚು ಮಂದಿ ಸೆರೆಯಾದರು. ಅವರ ನಾಯಕ, ವಕೀಲ ಆಡಾಲ್ಫ್ ಫಾನ್ ಹಾರ್ನಿಯರ್, ವರ್ಷಗಟ್ಟಲೆ ಸೆರೆಯಲ್ಲಿ ಕಳೆದು, 1945ರ ಮೇ ತಿಂಗಳಲ್ಲಿ ಬಿಡುಗಡೆಯ ಹೊಸ್ತಿಲಲ್ಲಿಯೇ ಅಸುನೀಗಿದರು. 1939ರ ಕೊನೆಯಲ್ಲಿ ರುಪ್ರೆಕ್ಟರು ಇಟಲಿಗೆ ತೆರಳಿ ಫ್ಲಾರೆನ್ಸಿನಲ್ಲಿ ನೆಲೆಸಿದರು. ಮಡದಿ ಮಕ್ಕಳೂ ಬಂದು ಸೇರಿದರು. ಮೊದಲ ಮದುವೆಯ ಮಗ ಆಲ್ಬ್ರೆಕ್ಟ್ ತನ್ನ ಸಂಸಾರದೊಡನೆ ಹಂಗೆರಿಗೆ ಹೋದರು.

1944ರಲ್ಲಿ ಹಿಟ್ಲರನ ಕೈ ಈ ಕುಟುಂಬದ ಕೊರಳಿಗೆ ಬಂದಿತು. ಜುಲೈ 20ರಂದು ಅವನನ್ನು ಕೊಲ್ಲುವ ಪ್ರಯತ್ನ ವಿಫಲವಾದ ಬಳಿಕ ಬಂಧನಗಳ ಸುರಿಮಳೆಯಾಯಿತು. 75 ವರ್ಷದ ರುಪ್ರೆಕ್ಟರು ಫ್ಲಾರೆನ್ಸಿನಲ್ಲಿ ಪರರ ಮನೆಯೊಂದರಲ್ಲಿ ಅಡಗಿಕೊಂಡು ಪಾರಾದರು. ಮನೆಯವರು ಪಾರಾಗಲಿಲ್ಲ. ಆಂಟೋನಿಯಾ ಸೆರೆಯಾದರು, ಟೈಫಸ್ ಜ್ವರಕ್ಕೆ ಸಿಕ್ಕಿ ಮೂಳೆಚಕ್ಕಳವಾದರು. ಹೆಣ್ಣುಮಕ್ಕಳೂ ಸೆರೆಯಾದರು. ಅಕ್ಟೋಬರಿನಲ್ಲಿ ಹಂಗೆರಿಯಲ್ಲಿ ಆಲ್ಬ್ರೆಕ್ಟ್, ಅವರ ಪತ್ನಿ ಮತ್ತು ಮಕ್ಕಳನ್ನು ಹಿಡಿದು ಸಾಕ್ಸನ್‌ಹೌಸನ್, ಫ್ಲೋಸೆನ್‌ಬುರ್ಗ್, ಡಾಕಾವ್ ಶಿಬಿರಗಳಿಗೆ ಒಂದಾದ ಮೇಲೊಂದರಂತೆ ಸಾಗಿಸಿದರು. ಆಲ್ಬ್ರೆಕ್ಟರ ಹಿರಿಯ ಮಗ ಫ್ರಾನ್ಸ್‌ಗೆ ಆಗ ಹನ್ನೊಂದು ವರ್ಷ. ಡಾಕಾವ್ ಇರುವುದು ಮ್ಯೂನಿಕ್ಕಿನ ಮಗ್ಗುಲಲ್ಲಿ. ಏಳು ಶತಮಾನ ಆಳಿದ ಮನೆತನದ ಮಕ್ಕಳು ತಮ್ಮದೇ ನಾಡಿನ ಮುಳ್ಳುತಂತಿಯ ಹಿಂದೆ ಕೈದಿಗಳಾಗಿದ್ದರು. 1945ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಸೈನಿಕರು ಅವರನ್ನು ಬಿಡುಗಡೆ ಮಾಡಿದರು.

ಆ ವರ್ಷದ ನವೆಂಬರಿನಲ್ಲಿ ರುಪ್ರೆಕ್ಟರು ಬವೇರಿಯಕ್ಕೆ ಹಿಂತಿರುಗಿ ಲಾಯ್‌ಟ್‌ಸ್ಟೆಟನ್ ಎಂಬಲ್ಲಿನ ಕುಟುಂಬದ ಮನೆಯಲ್ಲಿ ವಾಸಿಸತೊಡಗಿದರು. ಅರಸೊತ್ತಿಗೆಯನ್ನು ಮರಳಿ ತರಬೇಕೆಂದು ಹುಟ್ಟಿಕೊಂಡ ಪಕ್ಷವನ್ನು 1946ರಲ್ಲಿ ಅಮೆರಿಕನ್ನರು ನಿಷೇಧಿಸಿದರು. ಆಂಟೋನಿಯಾ ಜೊತೆಯಲ್ಲಿ ಬರಲಿಲ್ಲ. ತಾನೂ ತನ್ನ ಮಕ್ಕಳೂ ಅನುಭವಿಸಿದುದನ್ನು ಕಂಡ ಮೇಲೆ ಜರ್ಮನಿಯ ನೆಲವನ್ನು ಇನ್ನೆಂದೂ ತುಳಿಯೆನೆಂದು ಆಕೆ ನಿಶ್ಚಯಿಸಿದ್ದರು, ಆ ನಿಶ್ಚಯವನ್ನು ಕೊನೆಯವರೆಗೂ ಬಿಡಲಿಲ್ಲ. ಗಂಡನಿಗೆ ಬಿಟ್ಟಿರಲಾರದ ನಾಡು ಹೆಂಡತಿಗೆ ನೋಡಲಾರದ ನಾಡಾಯಿತು. ವಿವಾಹಬಂಧನದ ಬಗ್ಗೆ ಬೋಧಿಸುವ ನಾವು ಇಂತಹ ಕಡೆ ಸುಮ್ಮನಿರುವುದೇ ಲೇಸು. ಸೆರೆಯಲ್ಲಿ ಹಾಳಾದ ಆರೋಗ್ಯ ಆಕೆಗೆ ಮರಳಿ ಬರಲಿಲ್ಲ. 1954ರ ಜುಲೈ 31ರಂದು ಸ್ವಿಟ್ಜರ್ಲೆಂಡಿನಲ್ಲಿ, 54ನೆಯ ವಯಸ್ಸಿನಲ್ಲಿ, ಆಂಟೋನಿಯಾ ನಿಧನರಾದರು. ವರ್ಷ ತುಂಬಿ ಎರಡು ದಿನ ಕಳೆಯುವಷ್ಟರಲ್ಲಿ, 1955ರ ಆಗಸ್ಟ್ 2ರಂದು, ರುಪ್ರೆಕ್ಟರೂ ಲಾಯ್‌ಟ್‌ಸ್ಟೆಟನ್ನಿನಲ್ಲಿ ಕೊನೆಯುಸಿರೆಳೆದರು.

ಮನೆತನದ ಹಿರಿತನವು ಆಲ್ಬ್ರೆಕ್ಟರಿಗೆ ಬಂದಿತು. 1996ರಲ್ಲಿ ಅವರು ತೀರಿಕೊಂಡಾಗ, ಡಾಕಾವನ್ನು ಬಾಲಕನಾಗಿ ಕಂಡಿದ್ದ ಫ್ರಾನ್ಸ್‌ರಿಗೆ ಬಂದಿತು. ರುಪ್ರೆಕ್ಟರ ಸಮಾಧಿ ಮ್ಯೂನಿಕ್ಕಿನ ಥಿಯಟೈನ್ ದೇವಾಲಯದ ನೆಲಮಾಳಿಗೆಯಲ್ಲಿ, ತಾತ ಲುಯಿಟ್‌ಪೋಲ್ಡ್ ಮತ್ತು ಮೊದಲ ಮಡದಿ ಮರೀ ಗೇಬ್ರಿಯೆಲಳ ಬಳಿಯಲ್ಲಿದೆ. ಆಂಟೋನಿಯಾಳ ದೇಹ ರೋಮ್ ನಗರದ ಸಾಂತಾ ಮರಿಯಾ ಇನ್ ದೊಮ್ನಿಕಾ ದೇವಾಲಯದಲ್ಲಿದೆ. ಆದರೆ ಬವೇರಿಯದ ಅರಸರ ಹೃದಯಗಳನ್ನು ಪಾತ್ರೆಗಳಲ್ಲಿಟ್ಟು ಆಲ್ಟೋಟಿಂಗ್ ಕ್ಷೇತ್ರದ ಮಾತೆ ಮರಿಯಮ್ಮನವರ ಪುಟ್ಟ ಪ್ರಾರ್ಥನಾಲಯದಲ್ಲಿ ಇರಿಸುವ ಪದ್ಧತಿ ಆ ಮನೆತನದಲ್ಲಿ ಹಿಂದಿನಿಂದಲೂ ಇತ್ತು. ತಾನು ಮರಳಲಾರೆನೆಂದ ನಾಡಿನ ಆ ಪ್ರಾರ್ಥನಾಲಯದಲ್ಲಿ ಆಂಟೋನಿಯಾಳ ಹೃದಯವನ್ನೂ ಇರಿಸಲಾಗಿದೆ.